ಔಟ್‌ಬಾಕ್ಸ್‌ನಲ್ಲೇ ಕೂತ ಡ್ರಾಯಿಂಗ್: ಮೇಲ್ ಎಲ್ಲಿ ನಿಂತಿದೆ ಎಂದು ಮೊದಲು ನೋಡಿ

ನಾಸಿಕ್ ಪಕ್ಕದ ಓಝರ್‌ನಲ್ಲಿ 1964ರಲ್ಲಿ ಆರಂಭವಾದ ವಿಮಾನ ವಿಭಾಗವನ್ನು ನಡೆಸುವ ಎಚ್‌ಎಎಲ್‌ನ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಸಾತ್ಪುರದಲ್ಲಿ ಕಾರ್ಖಾನೆ ನಡೆಸುವ ಬಾಷ್ ಕಂಪನಿಯ ಮುಖ್ಯ ಕಚೇರಿಯೂ ಬೆಂಗಳೂರಿನ ಆಡುಗೋಡಿಯಲ್ಲಿದೆ. ಅತ್ತ ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ ಬಜಾಜ್ ಆಟೊ ಕಾರ್ಖಾನೆಯ ಸುತ್ತ ವಾಹನ ಬಿಡಿಭಾಗಗಳ ವರ್ಕ್‌ಶಾಪ್‌ಗಳ ಒಂದು ಊರೇ ಬೆಳೆದಿದೆ. ಸಾತ್ಪುರ, ಅಂಬಡ್, ವಾಳೂಜ್, ಚಿಕಲಠಾಣಾ, ಶೇಂದ್ರಾ ಕೈಗಾರಿಕಾ ವಲಯಗಳಿಂದ ಪೀಣ್ಯಕ್ಕೋ ಬೆಳಗಾವಿಯ ಉದ್ಯಮಬಾಗಕ್ಕೋ ಹೋಗುವ ಡ್ರಾಯಿಂಗು, ಟೆಸ್ಟ್ ರಿಪೋರ್ಟು, ಬಿಲ್ಲು, ಫೋಟೊಗಳಿಗೆ ಈಗಲೂ ಇಮೇಲೇ ದಾರಿ. ಅದರಲ್ಲೂ ಲೆಕ್ಕ ಬರೆಯುವವರ, ಡಿಸೈನ್ ಮಾಡುವವರ ಮೇಜಿನ ಮೇಲೆ ಔಟ್‌ಲುಕ್ ಇಲ್ಲವೇ ಥಂಡರ್‌ಬರ್ಡ್ ಸದಾ ತೆರೆದೇ ಇರುತ್ತದೆ. ಅಲ್ಲಿ ‘ಅಟ್ಯಾಚ್‌ಮೆಂಟ್ ಹೋಗ್ತಿಲ್ಲ’ ಎಂಬ ದೂರು ಎದ್ದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಮತ್ತೊಮ್ಮೆ ಸೆಂಡ್ ಒತ್ತುವುದು, ಎರಡನೆಯದು ಇಂಟರ್ನೆಟ್‌ನವರಿಗೆ ಫೋನ್ ಮಾಡುವುದು. ಎರಡೂ ಬಹುಪಾಲು ವ್ಯರ್ಥ. ಮೇಲ್ ಹೋಗದಿರುವುದಕ್ಕೆ ಕಾರಣ ಹತ್ತಾರು ಇರಬಹುದು, ಆದರೆ ಅದು ನಿಲ್ಲಬಹುದಾದ ಜಾಗ ಮೂರೇ: ನಿಮ್ಮದೇ ಕಂಪ್ಯೂಟರಿನ ಒಳಗೆ, ದಾರಿಯಲ್ಲಿರುವ ಸರ್ವರಿನ ಬಾಗಿಲಲ್ಲಿ, ಇಲ್ಲವೇ ಪಡೆಯುವವರ ಕಡೆ. ಯಾವ ಜಾಗದಲ್ಲಿ ನಿಂತಿದೆ ಎಂಬುದನ್ನು ಮೊದಲು ಗುರುತಿಸಿದರೆ ಕಾರಣ ಹುಡುಕುವ ಕೆಲಸ ಮುಕ್ಕಾಲು ಪಾಲು ಮುಗಿದಂತೆ. ಇದು ಕಂಪ್ಯೂಟರ್ ಓದಿದವರಷ್ಟೇ ಮಾಡಬಲ್ಲ ಕೆಲಸವಲ್ಲ.

ಮೊದಲ ಪರೀಕ್ಷೆಗೆ ಒಂದು ನಿಮಿಷ ಸಾಕು. ಏನನ್ನೂ ಲಗತ್ತಿಸದೆ, ಒಂದೇ ಸಾಲಿನ ಮೇಲ್ ಬರೆದು ನಿಮ್ಮದೇ ವಿಳಾಸಕ್ಕೆ ಕಳಿಸಿ. ಅದೂ ಹೋಗಲಿಲ್ಲವೆಂದರೆ ತೊಂದರೆ ಅಟ್ಯಾಚ್‌ಮೆಂಟಿನದಲ್ಲ, ಖಾತೆಯದು. ಈಚಿನ ವರ್ಷಗಳಲ್ಲಿ ಹೀಗಾಗುವುದಕ್ಕೆ ಗಟ್ಟಿ ಕಾರಣಗಳಿವೆ. ಬರೀ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆಯ ತಂತ್ರಾಂಶಗಳಿಗೆ ಗೂಗಲ್ ತನ್ನ ವೈಯಕ್ತಿಕ ಖಾತೆಗಳ ಬಾಗಿಲನ್ನು 2022ರ ಮೇ 30ರಂದು ಮುಚ್ಚಿತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಂದು ಅದನ್ನೇ ಮಾಡಿತು. ಹತ್ತು ವರ್ಷದ ಹಿಂದೆ ಹೊಂದಿಸಿಟ್ಟ ಔಟ್‌ಲುಕ್ ಈಗ ಪಾಸ್‌ವರ್ಡನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ ನಿಮ್ಮ ಪಾಸ್‌ವರ್ಡ್ ತಪ್ಪಾಗಿದೆ ಎಂದರ್ಥವಲ್ಲ. ಖಾತೆಯನ್ನು ತೆಗೆದು ಹೊಸದಾಗಿ ಸೇರಿಸಿ, ಬ್ರೌಸರಿನಲ್ಲಿ ತೆರೆಯುವ ಗೂಗಲ್ ಅಥವಾ ಮೈಕ್ರೋಸಾಫ್ಟ್ ಪುಟದ ಮೂಲಕ ಅನುಮತಿ ಕೊಡಬೇಕು. ತಂತ್ರಾಂಶ ತೀರ ಹಳೆಯದಾಗಿದ್ದರೆ, ಜಿಮೇಲ್‌ನಲ್ಲಿ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನು ಬಳಸಬಹುದು. ಇನ್ನೊಂದು ಕಾರಣವನ್ನು ಯಾರೂ ಊಹಿಸುವುದಿಲ್ಲ: ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗ ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿದ್ದು. ಮಾಲೀಕರ ಫೋನಿನ ಮದುವೆ ವಿಡಿಯೊಗಳು ಆ ಜಾಗವನ್ನು ತುಂಬಿಸಿದರೆ ಅದೇ ಖಾತೆಯ ವ್ಯವಹಾರದ ಮೇಲ್ ಬರುವುದೂ ನಿಲ್ಲುತ್ತದೆ, ಹೋಗುವುದೂ ನಿಲ್ಲುತ್ತದೆ.

ಬರೀ ಮೇಲ್ ಹೋಯಿತು, ಲಗತ್ತಿಸಿದ್ದು ಮಾತ್ರ ಔಟ್‌ಬಾಕ್ಸ್‌ನಲ್ಲೇ ಕೂತಿದೆ ಎಂದಾದರೆ ನೋಡಬೇಕಾದ್ದು ಬೇರೆ. ಔಟ್‌ಲುಕ್‌ನ ಸೆಂಡ್-ರಿಸೀವ್ ಪಟ್ಟಿಯಲ್ಲಿ ‘ವರ್ಕ್ ಆಫ್‌ಲೈನ್’ ಒತ್ತಿ, ಔಟ್‌ಬಾಕ್ಸ್‌ನಲ್ಲಿ ಸಿಕ್ಕಿಕೊಂಡ ಮೇಲನ್ನು ಡ್ರಾಫ್ಟ್ಸ್‌ಗೆ ಎಳೆದುಹಾಕಿ, ಆಮೇಲೆ ಆಫ್‌ಲೈನ್ ತೆಗೆಯಿರಿ. ಇಷ್ಟನ್ನು ಮಾಡದೆ ಇನ್ನೊಂದು ಮೇಲ್ ಬರೆದು ಕಳಿಸಿದರೆ ಅದು ಹೋಗಿ ಮೊದಲನೆಯದರ ಹಿಂದೆ ನಿಲ್ಲಬಹುದು. ಫೈಲನ್ನು ಬೇರೆ ತಂತ್ರಾಂಶ ತೆರೆದಿಟ್ಟುಕೊಂಡಿದೆಯೇ ನೋಡಿ: ಎಕ್ಸೆಲ್‌ನಲ್ಲಿ ತೆರೆದೇ ಇರುವ ಹಾಳೆಯನ್ನು ಲಗತ್ತಿಸಿದರೆ ಕೆಲವೊಮ್ಮೆ ನಿರಾಕರಣೆ ಬರುತ್ತದೆ, ಕೆಲವೊಮ್ಮೆ ಹಿಂದೆ ಸೇವ್ ಮಾಡಿದ ಹಳೆಯ ಪ್ರತಿಯೇ ಹೋಗಿಬಿಡುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ತಪ್ಪಾಗಿದ್ದು ಗೊತ್ತೇ ಆಗುವುದಿಲ್ಲ. ಸಂಭಾಜಿನಗರದ ಕಚೇರಿಗಳು ಇನ್ನೊಂದು ವಿಷಯಕ್ಕೂ ಗಮನ ಕೊಡಬೇಕು. ವಿಂಡೋಸ್‌ನಲ್ಲಿ ಡ್ರೈವ್ ಅಕ್ಷರದಿಂದ ಫೈಲಿನ ಹೆಸರಿನವರೆಗಿನ ಪೂರ್ತಿ ದಾರಿ 260 ಅಕ್ಷರ ದಾಟಿದರೆ ಅನೇಕ ತಂತ್ರಾಂಶಗಳು ಆ ಫೈಲನ್ನು ತೆರೆಯಲಾರವು. 2023ರಲ್ಲಿ ಊರಿನ ಹೆಸರು ಬದಲಾಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಔರಂಗಾಬಾದ್‌ಗೆ 10 ಅಕ್ಷರ ಸಾಕಿತ್ತು, ಛತ್ರಪತಿ ಸಂಭಾಜಿನಗರಕ್ಕೆ ನಡುವಿನ ಜಾಗವೂ ಸೇರಿ 25 ಬೇಕು. ಗ್ರಾಹಕರ ಫೋಲ್ಡರ್, ಅದರೊಳಗೆ ಶಾಖೆ, ಅದರೊಳಗೆ ವರ್ಷ ಎಂದು ಮೂರು ಹಂತದಲ್ಲಿ ಊರಿನ ಹೆಸರಿದ್ದು ಮೂರನ್ನೂ ಬದಲಿಸಿದರೆ ದಾರಿ 45 ಅಕ್ಷರ ಉದ್ದವಾಗುತ್ತದೆ, ನಿನ್ನೆ ಲಗತ್ತಾಗುತ್ತಿದ್ದ ಫೈಲ್ ಇಂದು ಸಿಗುವುದೇ ಇಲ್ಲ. ಅಂಥ ಫೈಲನ್ನು ಡೆಸ್ಕ್‌ಟಾಪ್‌ಗೆ ನಕಲು ಮಾಡಿ, ಚಿಕ್ಕ ಹೆಸರಿಟ್ಟು ಲಗತ್ತಿಸಿ ನೋಡಿ.

ಆದರೆ ಅಟ್ಯಾಚ್‌ಮೆಂಟ್‌ಗಳು ನಿಲ್ಲುವ ಎಲ್ಲ ಕಾರಣಗಳಲ್ಲಿ ಮುಖ್ಯವಾದದ್ದು ತೂಕ. ಇದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೇಲ್ ಸಾಗಿಸುವ ನಿಯಮಗಳನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಾಗ ಅದು ಸಾಗಿಸಬೇಕಿದ್ದದ್ದು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ. ಚಿತ್ರ, ಡ್ರಾಯಿಂಗುಗಳ ಕಲ್ಪನೆ ಅದರಲ್ಲಿರಲಿಲ್ಲ. ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ಕಂಡುಕೊಂಡ ಉಪಾಯ ಇಷ್ಟೇ: ಯಾವ ಫೈಲನ್ನಾದರೂ ಮೊದಲು ಸಾಮಾನ್ಯ ಅಕ್ಷರಗಳಾಗಿ ಬದಲಿಸಿ ಕಳಿಸುವುದು, ಆ ತುದಿಯಲ್ಲಿ ಮತ್ತೆ ಫೈಲಾಗಿಸುವುದು. ಇವತ್ತಿಗೂ ಅದೇ ನಡೆಯುತ್ತಿದೆ. ಫೈಲಿನ ಪ್ರತಿ 3 ಬೈಟ್‌ಗೆ 4 ಅಕ್ಷರ ಬೇಕು; 57 ಬೈಟ್‌ಗಳು 76 ಅಕ್ಷರಗಳ ಒಂದು ಸಾಲಾಗುತ್ತವೆ, ಸಾಲು ಮುಗಿಸಲು ಇನ್ನೆರಡು, ಒಟ್ಟು 78. ಅಂದರೆ ನಿಮ್ಮ ಫೈಲ್ ಹೊರಟ ಕ್ಷಣವೇ ಶೇ 37ರಷ್ಟು ಹಿಗ್ಗುತ್ತದೆ. ಜಿಮೇಲ್ ‘25 ಎಂಬಿವರೆಗೆ ಕಳಿಸಬಹುದು’ ಎನ್ನುತ್ತದಲ್ಲ, ಅದರ ಸರ್ವರ್ ಡೆಸ್ಕ್‌ಟಾಪ್ ತಂತ್ರಾಂಶದೊಡನೆ ಮಾತು ಶುರುಮಾಡುವಾಗ ಘೋಷಿಸುವ ಮಿತಿ 3,58,82,577 ಬೈಟ್. ಇದು 25 ಎಂಬಿಗೆ ಹೆಚ್ಚುಕಡಿಮೆ ಅದೇ ಶೇ 37 ಸೇರಿಸಿದ ಮೊತ್ತ. ಗೂಗಲ್ ಹಿಗ್ಗುವಿಕೆಯನ್ನು ತಾನೇ ಲೆಕ್ಕಕ್ಕೆ ತೆಗೆದುಕೊಂಡು ನಮಗೆ ಅನುಕೂಲ ಮಾಡಿದೆ. ಎಲ್ಲ ಸರ್ವರ್‌ಗಳೂ ಹಾಗಿಲ್ಲ. ಸಣ್ಣ ಕಂಪನಿಗಳ ಸ್ವಂತ ಡೊಮೈನ್ ಮೇಲ್ ನಡೆಸಲು ವ್ಯಾಪಕವಾಗಿ ಬಳಕೆಯಲ್ಲಿರುವ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶದಲ್ಲಿ ಯಾರೂ ಬದಲಿಸದಿದ್ದರೆ ಇರುವ ಮಿತಿ 1,02,40,000 ಬೈಟ್, ಅದೂ ಹಿಗ್ಗಿದ ಮೇಲಿನ ತೂಕಕ್ಕೆ. ಹಿಗ್ಗುವ ಮೊದಲಿನ ಫೈಲಿಗೆ, ವಿಂಡೋಸ್ ತೋರಿಸುವ ಲೆಕ್ಕದಲ್ಲಿ, ಅದು ಏಳು ಎಂಬಿಯ ಆಸುಪಾಸು. ‘ನಮ್ಮದು ಹತ್ತು ಎಂಬಿ ಲಿಮಿಟ್, ಫೈಲ್ ಎಂಟೇ ಎಂಬಿ, ಆದರೂ ಹೋಗಲ್ಲ’ ಎನ್ನುವವರ ಲೆಕ್ಕ ತಪ್ಪುವುದು ಇಲ್ಲೇ. ಔಟ್‌ಲುಕ್ ತಾನೂ ಒಂದು ಗಡಿ ಹಾಕಿಕೊಂಡಿದೆ: ಸಾಮಾನ್ಯ ಇಂಟರ್ನೆಟ್ ಖಾತೆಗಳಿಗೆ ಎಲ್ಲ ಫೈಲ್‌ಗಳೂ ಸೇರಿ 20 ಎಂಬಿ. ಅದನ್ನು ದಾಟಿದರೆ ಸರ್ವರಿನ ತನಕ ಹೋಗುವುದೇ ಇಲ್ಲ, ಲಗತ್ತಿಸುವಾಗಲೇ ಬೇಡ ಎನ್ನುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರುವುದು ಸಹಜ: ಮಿತಿಯೇ ತೊಂದರೆಯಾದರೆ ಅದನ್ನೇ ಏರಿಸಿದರಾಯಿತಲ್ಲ? ಔಟ್‌ಲುಕ್‌ನ ಮಿತಿಯನ್ನು ವಿಂಡೋಸ್ ರಿಜಿಸ್ಟ್ರಿಯಲ್ಲಿ ಏರಿಸಬಹುದು, ಕಂಪನಿಯ ಸರ್ವರಿನದನ್ನೂ ಏರಿಸಬಹುದು. ಆದರೆ ಮೇಲ್ ದಾಟಬೇಕಾದ ಬಾಗಿಲುಗಳಲ್ಲಿ ಅತಿ ಕಿರಿದಾದದ್ದು ಯಾವುದೋ ಅದರ ಅಳತೆಯೇ ಕೊನೆಗೆ ನಡೆಯುವುದು. ಅಂಬಡ್‌ನ ಕಂಪನಿ ತನ್ನ ಬಾಗಿಲನ್ನು 50 ಎಂಬಿಗೆ ಅಗಲಿಸಿಕೊಂಡರೂ ಪೀಣ್ಯದ ಗ್ರಾಹಕರ ಬಾಗಿಲು ಹತ್ತೇ ಎಂಬಿಯದಾದರೆ ಫೈಲ್ ಅಲ್ಲಿಂದ ಹಿಂದಿರುಗುತ್ತದೆ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಮಿತಿ ಏರಿಸುವುದಕ್ಕಿಂತ ತೂಕ ಇಳಿಸುವುದು ಬುದ್ಧಿವಂತಿಕೆ. ಸ್ಕ್ಯಾನರ್‌ನಿಂದಲೇ ಶುರು ಮಾಡಿ. ಎ4 ಹಾಳೆಯನ್ನು 300 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಕುಗ್ಗಿಸುವ ಮೊದಲು ಆ ಒಂದು ಹಾಳೆಯೇ 26 ಎಂಬಿ. ಅದನ್ನೇ ಬರೀ ಕಪ್ಪು-ಬಿಳುಪಿನಲ್ಲಿ ಮಾಡಿದರೆ ಒಂದು ಎಂಬಿ ಚಿಲ್ಲರೆ, ಪಿಡಿಎಫ್ ಆಗುವಾಗ ಇನ್ನೂ ಬಹಳ ಇಳಿಯುತ್ತದೆ. 600 ಡಿಪಿಐಗೆ ಏರಿಸಿದರೆ ಎಲ್ಲವೂ ನಾಲ್ಕು ಪಟ್ಟು. ಜಿಎಸ್‌ಟಿ ಬಿಲ್ಲಿಗೆ, ಡೆಲಿವರಿ ಚಲನ್‌ಗೆ ಬಣ್ಣ ಬೇಕಿಲ್ಲ. ಟ್ಯಾಲಿಯಿಂದಲೋ ಎಕ್ಸೆಲ್‌ನಿಂದಲೋ ನೇರವಾಗಿ ಪಿಡಿಎಫ್ ಮಾಡಬಹುದಾದ ಬಿಲ್ಲನ್ನು ಮುದ್ರಿಸಿ, ಸಹಿ ಹಾಕಿ, ಮತ್ತೆ ಬಣ್ಣದಲ್ಲಿ ಸ್ಕ್ಯಾನ್ ಮಾಡುವ ರೂಢಿ ಬಿಟ್ಟರೆ ಅರ್ಧ ದೂರುಗಳು ಹುಟ್ಟುವುದೇ ಇಲ್ಲ. ಸಹಿ ಬೇಕೇ ಬೇಕೆಂದರೆ ಸಹಿಯಿರುವ ಒಂದು ಪುಟವನ್ನಷ್ಟೇ ಸ್ಕ್ಯಾನ್ ಮಾಡಿ. ಫೋಟೊಗಳ ಕಥೆಯೂ ಇದೇ. ರಾಷ್ಟ್ರಕೂಟರ ಒಂದನೇ ಕೃಷ್ಣನ ಕೈಲಾಸ ದೇವಾಲಯ ನೋಡಲು ಎಲ್ಲೋರಕ್ಕೆ ಬರುವ ಕನ್ನಡದ ಸಂಶೋಧಕರು ಶಿಲ್ಪಗಳ ಹತ್ತು ಚಿತ್ರಗಳನ್ನು ಒಂದೇ ಮೇಲ್‌ಗೆ ತುರುಕಿದರೆ ಅದು ನಿಲ್ಲುವುದು ಖಂಡಿತ. ಔಟ್‌ಲುಕ್‌ನ ಫೈಲ್ ಪಟ್ಟಿಯಲ್ಲಿ ಕಳಿಸುವಾಗ ದೊಡ್ಡ ಚಿತ್ರಗಳನ್ನು ಕಿರಿದಾಗಿಸುವ ಆಯ್ಕೆ ಇದೆ. ಅಕ್ಷರ ಓದಬೇಕಾದ ಶಾಸನದ ಚಿತ್ರಕ್ಕೆ ಮಾತ್ರ ಅದನ್ನು ಬಳಸಬೇಡಿ. ಎಲ್ಲರೂ ನಂಬಿರುವ ‘ಜಿಪ್ ಮಾಡಿ’ ಎಂಬ ಸಲಹೆ ಎಲ್ಲದಕ್ಕೂ ಫಲಿಸುವುದಿಲ್ಲ. ಜೆಪಿಜಿ ಚಿತ್ರ ಮತ್ತು ಸ್ಕ್ಯಾನ್ ಮಾಡಿದ ಪಿಡಿಎಫ್ ಈಗಾಗಲೇ ಕುಗ್ಗಿರುವುದರಿಂದ ಜಿಪ್‌ನಲ್ಲಿ ಮತ್ತೆ ಇಳಿಯುವುದು ಅತ್ಯಲ್ಪ. ಸ್ಟೆಪ್ ರೂಪದ ಡ್ರಾಯಿಂಗ್ ಮಾತ್ರ ಬರೀ ಅಕ್ಷರಗಳ ಫೈಲಾದ್ದರಿಂದ ಜಿಪ್‌ನಲ್ಲಿ ಚೆನ್ನಾಗಿ ಕುಗ್ಗುತ್ತದೆ. ವಾಳೂಜ್‌ನ ಡಿಸೈನ್ ವಿಭಾಗಗಳಿಗೆ ಇದು ನಿಜಕ್ಕೂ ಉಪಯೋಗದ ಮಾತು.

ಸರ್ವರಿನ ಬಾಗಿಲಲ್ಲಿ ತಡೆದ ಮೇಲ್ ಸುಮ್ಮನೆ ಬಿದ್ದಿರುವುದಿಲ್ಲ, ಕಾರಣ ಹೇಳಿ ಹಿಂದಿರುಗುತ್ತದೆ. ಆ ಇಂಗ್ಲಿಷ್ ಪತ್ರವನ್ನು ನೋಡಿದ ಕೂಡಲೇ ಅಳಿಸಿಬಿಡುವುದು ದೊಡ್ಡ ನಷ್ಟ. ಪತ್ರದಲ್ಲಿ ಮೂರಂಕಿಯ ಒಂದು ಸಂಖ್ಯೆಯನ್ನು ಹುಡುಕಿ. 552 ಮತ್ತು ಅದರ ಪಕ್ಕದಲ್ಲಿ 5.3.4 ಇದ್ದರೆ ತೂಕ ಹೆಚ್ಚಾಯಿತು ಎಂದರ್ಥ. 535 ಎಂದರೆ ಪಾಸ್‌ವರ್ಡ್ ಒಪ್ಪಲಿಲ್ಲ. 4ರಿಂದ ಶುರುವಾಗುವ ಸಂಖ್ಯೆ ತಾತ್ಕಾಲಿಕ ಅಡ್ಡಿ, ಕಾಯಬಹುದು. 5ರಿಂದ ಶುರುವಾದರೆ ಎಷ್ಟು ಸಲ ಕಳಿಸಿದರೂ ಅದೇ ಉತ್ತರ. ಜಿಮೇಲ್ 552ರ ಜೊತೆ 5.7.0 ಎಂದು ಬರೆದರೆ ತೂಕದ ಮಾತಲ್ಲ, ಫೈಲಿನ ಜಾತಿಯೇ ಅಪಾಯಕಾರಿ ಎಂಬ ಆಕ್ಷೇಪ. ಇಎಕ್ಸ್‌ಇ, ಬ್ಯಾಟ್, ವಿಬಿಎಸ್, ಎಂಎಸ್‌ಐ ಮುಂತಾದ, ಕ್ಲಿಕ್ ಮಾಡಿದರೆ ತಾವೇ ಓಡುವ ಫೈಲ್‌ಗಳನ್ನು ಜಿಮೇಲ್ ಒಪ್ಪುವುದಿಲ್ಲ. ಜೆಎಸ್ ಫೈಲ್‌ಗಳನ್ನು 2017ರ ಫೆಬ್ರುವರಿ 13ರಿಂದ ಆ ಪಟ್ಟಿಗೆ ಸೇರಿಸಿತು. ಜಿಪ್‌ನೊಳಗೆ ಇಟ್ಟರೂ ಒಳಗೆ ಇಣುಕಿ ನೋಡುತ್ತದೆ. ಒಳಗಿನ ಫೈಲ್‌ಗಳ ಹೆಸರೂ ಕಾಣದಂತೆ ಪಾಸ್‌ವರ್ಡ್ ಹಾಕಿದ ಕಟ್ಟನ್ನು ಹಿಂದಕ್ಕೇ ಕಳಿಸುತ್ತದೆ. ಮೆಷಿನ್‌ನ ಸಾಫ್ಟ್‌ವೇರ್ ಕಳಿಸಬೇಕಾದ ಸರ್ವಿಸ್ ಎಂಜಿನಿಯರುಗಳಿಗೆ ಇದು ತಲೆನೋವೇ ಸರಿ, ಹಾಗೆಂದು ಫೈಲಿನ ಬಾಲ ಬದಲಿಸಿ ತೂರಿಸುವ ಉಪಾಯವನ್ನು ನಾನು ಒಪ್ಪಲಾರೆ. 2000ದ ಮೇ 4ರಂದು ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಕೆಡಿಸಿದ ‘ಐ ಲವ್ ಯೂ’ ವೈರಸ್ ಹರಡಿದ್ದು ಸರಿಯಾಗಿ ಇದೇ ದಾರಿಯಲ್ಲಿ, ಪ್ರೇಮಪತ್ರದ ಹೆಸರಿಟ್ಟುಕೊಂಡ ವಿಬಿಎಸ್ ಫೈಲಾಗಿ, ಔಟ್‌ಲುಕ್‌ನ ವಿಳಾಸಪುಸ್ತಕದ ಮೂಲಕ. ಔಟ್‌ಲುಕ್‌ನಲ್ಲಿ ಇಂಥ ಫೈಲ್‌ಗಳಿಗೆ ತಡೆ ಬಿಗಿಯಾದದ್ದು ಆ ಪೆಟ್ಟಿನ ನಂತರ. ಬಾಲ ಬದಲಿಸಿದ ಫೈಲುಗಳನ್ನು ತೆರೆಯುವ ಅಭ್ಯಾಸವನ್ನು ನಾವೇ ನಮ್ಮ ಗ್ರಾಹಕರಿಗೆ ಕಲಿಸಿದರೆ ನಾಳೆ ಬರುವ ಕಳ್ಳನಿಗೂ ಅವರು ಬಾಗಿಲು ತೆರೆಯುತ್ತಾರೆ.

ಇನ್ನು ಇಂಟರ್ನೆಟ್ ಮೇಲಿನ ದೂರು. ಅದರಲ್ಲಿ ಸ್ವಲ್ಪ ನಿಜವಿದೆ, ಆದರೆ ಜನ ನೋಡುವ ಅಂಕಿ ಬೇರೆ. ವೇಗ ಪರೀಕ್ಷೆಯಲ್ಲಿ ಡೌನ್‌ಲೋಡ್ ನೋಡಿ ಸಮಾಧಾನಪಡುತ್ತೇವೆ, ಮೇಲ್ ಹೋಗುವುದು ಅಪ್‌ಲೋಡ್ ದಾರಿಯಲ್ಲಿ. 15 ಎಂಬಿ ಫೈಲ್ ಹಿಗ್ಗಿ 20 ಎಂಬಿ ದಾಟುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ಅಪ್‌ಲೋಡ್ ಇದ್ದರೆ ಅದಕ್ಕೆ 80 ಸೆಕೆಂಡ್ ಮೀರಿ ಬೇಕು. ಅಷ್ಟು ಹೊತ್ತು ಕಾಯುವುದು ತೊಂದರೆಯಲ್ಲ. ತೊಂದರೆ ಬರುವುದು ಫೈಲ್ ಪೂರ್ತಿ ತಲುಪಿದ ಮೇಲೆ ಸರ್ವರ್ ಅದನ್ನು ವೈರಸ್‌ಗಾಗಿ ಜಾಲಾಡಿ ‘ಸರಿ’ ಎನ್ನುವ ತನಕದ ಮೌನದಲ್ಲಿ. ಆ ಮೌನಕ್ಕೆ ಹತ್ತು ನಿಮಿಷ ಕಾಯಬೇಕೆಂದು 2008ರಲ್ಲಿ ಪರಿಷ್ಕರಿಸಿದ ಮೇಲ್ ನಿಯಮಾವಳಿಯೇ ಹೇಳುತ್ತದೆ. ಔಟ್‌ಲುಕ್‌ನಲ್ಲಿ ಸಾಮಾನ್ಯ ಖಾತೆಗೆ ಮೊದಲಿನಿಂದ ಇರುವ ಕಾಯುವ ಅವಧಿ ಒಂದೇ ನಿಮಿಷ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅದು ಸೋತೆನೆಂದು ತಿಳಿದು ಮತ್ತೆ ಕಳಿಸುತ್ತದೆ. ಆದರೆ ಸರ್ವರ್ ಮೊದಲನೆಯದನ್ನೇ ಸ್ವೀಕರಿಸಿರುತ್ತದೆ. ಗ್ರಾಹಕರಿಗೆ ಒಂದೇ ಕೊಟೇಶನ್ ನಾಲ್ಕು ಸಲ ಹೋಗುವುದು, ನಿಮ್ಮ ಔಟ್‌ಬಾಕ್ಸ್‌ನಲ್ಲಿ ಮಾತ್ರ ಅದು ಇನ್ನೂ ಕೂತಿರುವುದು ಹೀಗೆ. ಖಾತೆಯ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಸರ್ವರ್ ಟೈಮ್‌ಔಟ್ ಪಟ್ಟಿಯನ್ನು ಹತ್ತು ನಿಮಿಷದ ಕಡೆಗೆ ಎಳೆಯಿರಿ. ಕಂಪ್ಯೂಟರಿನ ಆ್ಯಂಟಿವೈರಸ್ ಹೋಗುವ ಮೇಲ್‌ಗಳನ್ನೂ ತಡೆದು ನೋಡುತ್ತಿದ್ದರೆ ಆ ಒಂದು ಆಯ್ಕೆಯನ್ನಷ್ಟೇ ಸ್ವಲ್ಪ ಹೊತ್ತು ನಿಲ್ಲಿಸಿ ಪರೀಕ್ಷಿಸಿ. ಇಡೀ ಆ್ಯಂಟಿವೈರಸನ್ನು ತೆಗೆದುಹಾಕಬೇಕಿಲ್ಲ. ಥಂಡರ್‌ಬರ್ಡ್ ಬಳಸುವವರು ಇನ್ನೊಂದು ಎಚ್ಚರಿಕೆಯನ್ನು ನಿಧಾನವಾಗಿ ಓದಬೇಕು. ಮೇಲ್ ಹೋಗಿದೆ, ಸೆಂಟ್ ಫೋಲ್ಡರಿನಲ್ಲಿ ಪ್ರತಿ ಇಡಲಾಗಲಿಲ್ಲ ಎಂದಷ್ಟೇ ಅದು ಹೇಳುತ್ತಿರುತ್ತದೆ, ಜನ ಅದನ್ನು ಸೋಲು ಎಂದೇ ಓದುತ್ತಾರೆ. ಜಿಮೇಲ್ ಖಾತೆಯಾದರೆ ಸರ್ವರೇ ಪ್ರತಿ ಇಟ್ಟುಕೊಳ್ಳುತ್ತದೆ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಇಡುವ ಗುರುತನ್ನು ತೆಗೆದುಬಿಡಬಹುದು.

ಮೂರನೆಯ ಜಾಗ, ಪಡೆಯುವವರ ಕಡೆ. ‘ಮೇಲ್ ಬಂತು ಸಾರ್, ಫೈಲ್ ಇಲ್ಲ, ವಿನ್‌ಮೇಲ್ ಡಾಟ್ ಡ್ಯಾಟ್ ಅಂತ ಏನೋ ಬಂದಿದೆ’ ಎಂದರೆ ಔಟ್‌ಲುಕ್ ತನ್ನದೇ ರಿಚ್ ಟೆಕ್ಸ್ಟ್ ರೂಪದಲ್ಲಿ ಕಳಿಸಿದೆ ಎಂದರ್ಥ. ಆಪ್ಷನ್ಸ್‌ನ ಮೇಲ್ ವಿಭಾಗದಲ್ಲಿ ಅದನ್ನು ಎಚ್‌ಟಿಎಂಎಲ್‌ಗೆ ಬದಲಿಸಿ. ಫೈಲಿನ ಹೆಸರು ಕನ್ನಡದಲ್ಲೋ ಮರಾಠಿಯಲ್ಲೋ ಇದ್ದರೆ ಪ್ರತಿ ಚಿಹ್ನೆಯೂ 3 ಬೈಟ್, ಸಾಗಣೆಯ ಬರಹದಲ್ಲಿ ಅದು 9 ಅಕ್ಷರ. ಹೊಸ ತಂತ್ರಾಂಶಗಳು ಇದನ್ನು ಸರಿಯಾಗಿ ಓದುತ್ತವೆ, ಹಳೆಯವು ಹೆಸರನ್ನು ಕತ್ತರಿಸಿ ಫೈಲ್ ತೆರೆಯದಂತೆ ಮಾಡಬಲ್ಲವು. ನಮ್ಮ ಲಿಪಿಯಲ್ಲಿ ಹೆಸರಿಡುವುದು ನಮ್ಮ ಹಕ್ಕು, ಅದಕ್ಕೆ ಬೇಕಾದ ನಿಯಮವೂ ಎಂದೋ ಆಗಿದೆ. ಆದರೂ ಆ ತುದಿಯ ಕಂಪ್ಯೂಟರ್ ಯಾವ ಕಾಲದ್ದೋ ತಿಳಿಯದಿದ್ದಾಗ ಟೆಂಡರಿನ ಕೊನೆಯ ದಿನ ಅದನ್ನು ಪರೀಕ್ಷೆಗಿಡುವುದು ಬೇಡ.

‘ಇಷ್ಟೆಲ್ಲ ಯಾಕೆ, ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರಾಯಿತು’ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. 2022ರಿಂದ ಅಲ್ಲಿ 2 ಜಿಬಿವರೆಗಿನ ಫೈಲ್ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟವೂ ಇಳಿಯದು. ಆದರೆ ಫೋಟೊ ಆಗಿ ಕಳಿಸಿದ ಕ್ಷಣ ಅದು ಕುಗ್ಗುತ್ತದೆ, ಡ್ರಾಯಿಂಗಿನ ಅಳತೆಯ ಅಂಕಿ ಮಸುಕಾದರೆ ಕೊರೆದ ಲೋಹ ಗುಜರಿಗೆ ಹೋಗುತ್ತದೆ. ಮೇಲಾಗಿ ಆ ದಾಖಲೆ ಉಳಿಯುವುದು ಒಬ್ಬ ನೌಕರನ ಫೋನಿನಲ್ಲಿ. ಆತ ಕೆಲಸ ಬಿಟ್ಟರೆ ಕಂಪನಿಯ ಕೈಯಲ್ಲಿ ಏನೂ ಇರುವುದಿಲ್ಲ. ಡ್ರೈವ್ ಅಥವಾ ಒನ್‌ಡ್ರೈವ್ ಲಿಂಕ್ ಅದಕ್ಕಿಂತ ಮೇಲು, ‘ಲಿಂಕ್ ಇರುವ ಯಾರಿಗಾದರೂ’ ಎಂಬ ಆಯ್ಕೆ ಬಿಟ್ಟು ಗ್ರಾಹಕರ ವಿಳಾಸಕ್ಕೆ ಮಾತ್ರ ಅನುಮತಿ ಕೊಡುವುದಾದರೆ. ಲಿಂಕಿನ ಹಿಂದಿರುವ ಫೈಲನ್ನು ಆಮೇಲೆ ಬದಲಿಸಬಹುದು ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೇ ಭಾರದ ಮೂಲ ಡ್ರಾಯಿಂಗಿಗೆ ಲಿಂಕ್, ಒಪ್ಪಿಗೆಯಾದ ಆವೃತ್ತಿಯ ಚಿಕ್ಕ ಪಿಡಿಎಫ್ ಮೇಲ್‌ನಲ್ಲೇ ಲಗತ್ತು ಎಂಬ ಹೊಂದಾಣಿಕೆ ನನಗೆ ಸರಿಯೆನಿಸುತ್ತದೆ. ದಾಖಲೆಗಳನ್ನು ಮೇಲ್‌ನಲ್ಲಿ ಓಡಿಸದೆ ಒಂದೇ ಕಡೆ ಇಡುವ ಕ್ರಮವನ್ನು ನಾಸಿಕ್‌ನ ದ್ರಾಕ್ಷಿ ವ್ಯಾಪಾರ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದೆ. ಯುರೋಪಿಗೆ ಹೋಗುವ ದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆ ಎಷ್ಟಿದೆ ಎಂಬ ವರದಿಗಳನ್ನು ಮೇಲ್‌ಗಳಲ್ಲಿ ಅಲೆದಾಡಿಸುವ ಬದಲು ಕೃಷಿ ಉತ್ಪನ್ನಗಳ ರಫ್ತು ಪ್ರಾಧಿಕಾರವಾದ ಅಪೇಡಾ 2006ರಲ್ಲಿ ಗ್ರೇಪ್‌ನೆಟ್ ಎಂಬ ವ್ಯವಸ್ಥೆ ತಂದಿತು. ತೋಟ, ಪ್ರಯೋಗಾಲಯ, ಪ್ಯಾಕ್‌ಹೌಸ್ ಎಲ್ಲವುಗಳ ಮಾಹಿತಿ ಒಂದೇ ಕಡೆ ಸೇರುತ್ತದೆ. ನಿಮ್ಮ ದೊಡ್ಡ ಗ್ರಾಹಕರೂ ಪೂರೈಕೆದಾರರಿಗಾಗಿ ಅಂಥದೇ ಪೋರ್ಟಲ್ ಇಟ್ಟಿರಬಹುದು, ಒಮ್ಮೆ ಕೇಳಿ ನೋಡಿ.

ಕೊನೆಗೆ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕರೆಯಲೇಬೇಕಾಗಿ ಬಂದರೆ ನಾಲ್ಕು ವಿವರ ಬರೆದಿಟ್ಟುಕೊಂಡಿರಿ: ಕಳಿಸಿದ ಸಮಯ, ಫೈಲಿನ ಹೆಸರು ಮತ್ತು ತೂಕ, ಯಾರ ವಿಳಾಸಕ್ಕೆ, ಪರದೆಯ ಮೇಲೆ ಬಂದ ಸಂದೇಶ. ಆ ಸಂದೇಶದ ಓಕೆ ಬಟನ್ ಒತ್ತುವ ಮೊದಲು ಫೋನಿನಲ್ಲಿ ಅದರದೊಂದು ಫೋಟೊ ತೆಗೆದುಕೊಳ್ಳಿ.